ಬಟ್ಟೆಯವರು ಬಂದ ಭಾನುವಾರ

ಸೀಗ್ರುನ್ ಲಾಬ್ಸ್ ಇಪ್ಪತ್ತೊಂದು ವರ್ಷ ಕಾರ್ಖಾನೆಯಲ್ಲಿ ಹೆಂಗಸರ ಕೋಟುಗಳಿಗೆ ಕಾಲರ್ ಕೂರಿಸಿದವಳು. ಸೋಮವಾರದಿಂದ ಶುಕ್ರವಾರದವರೆಗೆ ಹೊಲಿಗೆ. ಶನಿವಾರ ಬೆಳಿಗ್ಗೆ ಸೈಕಲ್ ಹತ್ತಿ ಡ್ರೆವಿನ್ ಸರೋವರಕ್ಕೆ ಹೋದಳೆಂದರೆ ಭಾನುವಾರ ಸಂಜೆಯವರೆಗೆ ಮೈಮೇಲೆ ಒಂದು ನೂಲೂ ಇರುತ್ತಿರಲಿಲ್ಲ. "ಐದು ದಿನ ಊರಿಗೆಲ್ಲ ಉಡಿಸ್ತೀನಿ, ಎರಡು ದಿನ ನನ್ನ ಪಾಡಿಗೆ ಬಿಡ್ರಪ್ಪ" ಎನ್ನುತ್ತಿದ್ದಳು. ಅದರಲ್ಲಿ ಅವಳಿಗೆ ನಾಚಿಕೆಯೂ ಇರಲಿಲ್ಲ, ಸಾಹಸವೂ ಇರಲಿಲ್ಲ. ಪೂರ್ವ ಜರ್ಮನಿಯ ಆ ಸೀಮೆಯಲ್ಲಿ ಅರ್ಧ ಊರು ಹಾಗೆಯೇ ಈಜುತ್ತಿತ್ತು. ಕಾರ್ಖಾನೆಯ ಮೇಲ್ವಿಚಾರಕ, ಹಲ್ಲಿನ ಡಾಕ್ಟರು, ಅಂಚೆಯವಳು, ಎಲ್ಲರೂ ಅದೇ ದಡದಲ್ಲಿ ತಂತಮ್ಮ ಟವೆಲಿನ ಮೇಲೆ. ದಡಕ್ಕೆ ಬಂದ ಮೇಲೆ 'ನೀವು' ಇಲ್ಲ, ಎಲ್ಲರಿಗೂ 'ನೀನು'. ಬರಿಮೈಯಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಹೇಗೆ ಗೊತ್ತಾಗಬೇಕು?

ಗಂಡ ಹಾರ್ಟ್‌ಮುಟ್ ಸಿಕ್ಕಿದ್ದೂ ಅಲ್ಲಿಯೇ. ರೈಲ್ವೆ ವರ್ಕ್‌ಶಾಪಿನ ಎಲೆಕ್ಟ್ರಿಷಿಯನ್. ಮದುವೆಯ ದಿನ ಅವನು ಕರಿಕೋಟು ಹಾಕಿಕೊಂಡು ನಗರಸಭೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ಗುರುತೇ ಸಿಗಲಿಲ್ಲ ಎಂದು ಸೀಗ್ರುನ್ ಜೀವನಪೂರ್ತಿ ಹೇಳಿಕೊಂಡು ನಕ್ಕಳು.

ಎರಡು ಜರ್ಮನಿ ಒಂದಾದ ಮೇಲೆ ಕಾರ್ಖಾನೆ ಮುಚ್ಚಿತು. ದಡಕ್ಕೆ ಪಶ್ಚಿಮದಿಂದ ಪ್ರವಾಸಿಗಳು ಬಂದರು. ಈಜುಡುಗೆ ತೊಟ್ಟುಕೊಂಡೇ ಬಂದು, ಇವರನ್ನು ನೋಡಿ ಮುಖ ತಿರುಗಿಸಿ, ಆಮೇಲೆ ಕದ್ದು ನೋಡಿದರು. ಇವರು ಆ ಜನಕ್ಕೆ 'ಬಟ್ಟೆಯವರು' ಎಂದು ಹೆಸರಿಟ್ಟರು. ಎರಡೇ ಬೇಸಿಗೆಯಲ್ಲಿ ದಡದ ತುಂಬ 'ಈಜುಡುಗೆ ಕಡ್ಡಾಯ' ಎಂಬ ಬೋರ್ಡುಗಳೆದ್ದವು. ಆಗ ಕಚೇರಿಯಿಂದ ಕಚೇರಿಗೆ ಅಲೆದು, ಸರೋವರದ ಉತ್ತರದ ಮೂಲೆಯಲ್ಲಿ ಪೈನ್ ಮರಗಳ ನಡುವೆ ಒಂದು ತುಂಡು ನೆಲ ಗುತ್ತಿಗೆಗೆ ಹಿಡಿದು, ಬೇಲಿ ಹಾಕಿಸಿ ಸೂರ್ಯಸ್ನಾನ ಸಂಘ ಕಟ್ಟಿದವರಲ್ಲಿ ಸೀಗ್ರುನ್ ಮೊದಲಿಗಳು. ಅಂದಿನಿಂದ ಮೂವತ್ತೊಂದು ವರ್ಷ ಅವಳೇ ಕಾರ್ಯದರ್ಶಿ. ನಿಯಮಗಳನ್ನು ಬರೆದವಳೂ ಅವಳೇ. ಒಂದು, ಎಲ್ಲಿ ಕೂತರೂ ನಿಮ್ಮ ಟವೆಲ್ ಹಾಸಿಯೇ ಕೂರಬೇಕು. ಎರಡು, ಕ್ಯಾಮೆರಾ ತರಕೂಡದು. ಮೂರನೆಯದು ಎಲ್ಲಕ್ಕಿಂತ ಕಟ್ಟುನಿಟ್ಟು: ಹವೆ ಬೆಚ್ಚಗಿರುವಾಗ ಬೇಲಿಯೊಳಗೆ ಯಾರೂ ಬಟ್ಟೆ ತೊಡಕೂಡದು, ಅತಿಥಿಗಳೂ ಸೇರಿ.

"ತಾವು ಉಟ್ಕೊಂಡು ಕೂತು ನಮ್ಮನ್ನ ನೋಡೋಕೆ ಇದೇನು ಮೃಗಾಲಯವಾ?" ಎಂಬುದು, ಯಾಕೆ ಎಂದು ಯಾರಾದರೂ ಕೇಳಿದರೆ, ಅವಳ ಉತ್ತರ.

ಮೊದಲು ನೂರ ನಲವತ್ತು ಜನರಿದ್ದರು. ಆಮೇಲೆ ಪ್ರತಿ ಚಳಿಗಾಲ ಒಂದೆರಡು ಶವಸಂಸ್ಕಾರ. ಹಳೆಯ ಸದಸ್ಯರ ಮಕ್ಕಳು ದೊಡ್ಡವರಾಗಿ ದೂರವಾದರು. ಹೊಸ ಹುಡುಗ ಹುಡುಗಿಯರು ಬೇಲಿಯವರೆಗೆ ಬಂದು, "ಯಾರಾದ್ರೂ ಫೋನಲ್ಲಿ ಫೋಟೊ ಹೊಡೆದು ಹಾಕಿದ್ರೆ?" ಎಂದು ಕೇಳಿ ಹಿಂದಿರುಗಿದರು. ವಾಲಿಬಾಲ್ ಬಲೆ ಕಟ್ಟುವುದು ನಿಂತೇಹೋಯಿತು. ಎರಡು ಕಡೆಗೂ ಸಾಲುವಷ್ಟು ಮೊಣಕಾಲುಗಳು ಸಂಘದಲ್ಲಿ ಉಳಿದಿರಲಿಲ್ಲ. ಸೀಗ್ರುನ್‌ಗೆ ಎಪ್ಪತ್ತು ತುಂಬಿದ ವರ್ಷ ಸದಸ್ಯರ ಸಂಖ್ಯೆ ಮೂವತ್ತೆಂಟಕ್ಕೆ ಇಳಿದಿತ್ತು. ಐವತ್ತರ ಕೆಳಗಿನವರು ಇಬ್ಬರೇ.

ಅವಳ ಸ್ವಂತ ಮಗಳು ಇಲ್ಕಾ ಕೂಡ ಬರುತ್ತಿರಲಿಲ್ಲ. ಇಲ್ಕಾಗೆ ನಲವತ್ತಮೂರು, ಪಕ್ಕದ ಪಟ್ಟಣದಲ್ಲಿ ಬಸ್ ಡ್ರೈವರ್. ಆರು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಒಂದು ಸ್ತನ ತೆಗೆದಿದ್ದರು. ಚೇತರಿಸಿಕೊಂಡ ಬೇಸಿಗೆ ಅವಳು ಫೋನ್ ಮಾಡಿ, "ಅಮ್ಮಾ, ಸರೋವರಕ್ಕೆ ಬರ್ಬೇಕು ಅನ್ಸುತ್ತೆ. ಮೇಲೊಂದು ಶರ್ಟ್ ಹಾಕ್ಕೊಂಡು ಬರಲಾ?" ಎಂದು ಕೇಳಿದ್ದಳು. ಸೀಗ್ರುನ್ ಪ್ರೀತಿಯಿಂದಲೇ ಹೇಳಿದಳು: "ಅಯ್ಯೋ ಮಗಳೇ, ಇಲ್ಲಿ ಯಾರು ಯಾರನ್ನ ನೋಡ್ತಾರೆ? ಎಲ್ಲರಿಗೂ ಒಂದಲ್ಲ ಒಂದು ಗಾಯ ಇದ್ದೇ ಇದೆ. ಎಲ್ಲ ಬಿಚ್ಚಿ ಬಾ, ಸರಿಹೋಗುತ್ತೆ." ಇಲ್ಕಾ "ಸರಿ" ಎಂದಳು. ಆದರೆ ಬರಲಿಲ್ಲ. ಆಮೇಲೆ ಪ್ರತಿ ಬೇಸಿಗೆಯೂ ತಾಯಿ ಕರೆದಳು, ಪ್ರತಿ ಬೇಸಿಗೆಯೂ ಮಗಳಿಗೆ ಡ್ಯೂಟಿ ಇತ್ತು.

ಇಂಥ ಹೊತ್ತಿನಲ್ಲಿ ಮರೈಕೆ ಬಂದಳು.

ಮೂವತ್ತಮೂರರ ಹೆಣ್ಣು. ಲೈಪ್‌ಸಿಗ್‌ನಿಂದ ಬಂದು ಊರಿನಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದಳು. ಸಂಘದ ಅರ್ಧ ಮೊಣಕಾಲುಗಳು ಅವಳ ಕೈಯಲ್ಲೇ ಬಾಗುವುದು ಕಲಿತಿದ್ದವು. ಮೇ ತಿಂಗಳ ಒಂದು ಶನಿವಾರ ಬೇಲಿಯ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಚಪ್ಪಲಿ ಬಿಟ್ಟಳು. ಸೀಗ್ರುನ್‌ಗೆ ಅವತ್ತು ಆದದ್ದು ಸಂತೋಷವೇ. ತಾನೇ ಮಾಡಿದ ಪ್ಲಮ್ ಕೇಕಿನ ದೊಡ್ಡ ತುಂಡು ಕೊಟ್ಟು, ನಿಯಮ ಓದಿ ಹೇಳಿ, ಪಕ್ಕದಲ್ಲಿ ಕೂರಿಸಿಕೊಂಡಳು. ಸಂಜೆ ಗಂಡನಿಗೆ ಹೇಳಿದಳು: "ನೋಡು, ನಮ್ಮ ಕಾಲ ಮುಗೀಲಿಲ್ಲ ಕಣೋ."

ಮುಂದಿನ ವಾರ ಮರೈಕೆ ಇಬ್ಬರು ಗೆಳತಿಯರನ್ನು ಕರೆತಂದಳು. ಅದರ ಮುಂದಿನ ವಾರ ಐದು ಜನ. ಫೋನುಗಳ ಭಯಕ್ಕೆ ಅವಳೇ ದಾರಿ ಹುಡುಕಿದಳು: ಬಾಗಿಲಲ್ಲೇ ಪ್ರತಿಯೊಬ್ಬರ ಫೋನೂ ಒಂದು ಚೀಲಕ್ಕೆ ಹೋಗಬೇಕು, ಚೀಲಕ್ಕೆ ಗುಂಡಿ, ಮೇಲೊಂದು ನಂಬರ್. ಚೀಲಗಳನ್ನು ಹೊಲಿದುಕೊಟ್ಟವಳು ಸೀಗ್ರುನ್. ದಪ್ಪ ಟೆಂಟಿನ ಬಟ್ಟೆಯಲ್ಲಿ ನಲವತ್ತು ಚೀಲ, ಎರಡು ವಾರದ ಕೆಲಸ. ಆದರೆ ಬಂದವರೆಲ್ಲ "ಮರೈಕೆ ಚೀಲ" ಎಂದೇ ಕರೆದರು.

ಅಲ್ಲಿಂದ ಶುರುವಾಯಿತು. ಮೊದಲು ಸಣ್ಣ ಮುಳ್ಳು. ಆಮೇಲೆ ಹೊಟ್ಟೆಯಲ್ಲಿ ಯಾರೋ ಕೆಂಡ ಇಟ್ಟು ಊದುತ್ತಿರುವ ಹಾಗೆ. ಮರೈಕೆ ಹಳೆಯ ವಾಲಿಬಾಲ್ ಬಲೆ ಬಿಚ್ಚಿ ಕಟ್ಟಿದಾಗ ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಆ ಬಲೆಯನ್ನು ಹನ್ನೊಂದು ಚಳಿಗಾಲ ಇಲಿಗಳಿಂದ ಕಾಪಾಡಿದವಳು ಯಾರು ಎಂದು ಒಬ್ಬರೂ ಕೇಳಲಿಲ್ಲ. ಮರೈಕೆ ಬೆಳಗಿನ ವ್ಯಾಯಾಮ ಶುರುಮಾಡಿದಳು. ಹತ್ತು ವರ್ಷದಿಂದ ಸೀಗ್ರುನ್ "ಸ್ವಲ್ಪ ಕೈಕಾಲು ಆಡಿಸ್ರೋ" ಎಂದು ಬಾಯಿ ನೋಯಿಸಿಕೊಂಡರೂ ಏಳದಿದ್ದ ಎಂಬತ್ತೆರಡರ ವಾಲ್ಫ್ರೀಡ್ ಮುಂದಿನ ಸಾಲಲ್ಲೇ ನಿಂತ.

"ಏನಜ್ಜ, ಬೆನ್ನುನೋವು ಹೋಯ್ತಾ?" ಎಂದು ಸೀಗ್ರುನ್ ಚುಚ್ಚಿದಳು.

"ಹೋಗ್ಲಿಲ್ಲ ಕಣಮ್ಮ. ಆದ್ರೆ ಹೇಳೋರ ಬಾಯಿ ಚೆಂದ ಇದ್ರೆ ಬೆನ್ನು ಕೇಳುತ್ತೆ" ಎಂದ ಆ ಮುದುಕ, ಹಲ್ಲಿಲ್ಲದ ಬಾಯಲ್ಲಿ ನಗುತ್ತ.

ಎಲ್ಲಕ್ಕಿಂತ ಹೆಚ್ಚು ಉರಿಸಿದವನು ಹಾರ್ಟ್‌ಮುಟ್. ನಿವೃತ್ತಿಯಾದ ಮೇಲೆ ಸೋಫಾದ ಒಂದು ಭಾಗವೇ ಆಗಿಹೋಗಿದ್ದವನು ಈಗ ಬೆಳಿಗ್ಗೆ ಏಳಕ್ಕೇ ಹತಾರದ ಪೆಟ್ಟಿಗೆ ಹಿಡಿದು ಹೊರಡುತ್ತಿದ್ದ. ಮರೈಕೆಗೆ ದಡದಲ್ಲಿ ಒಂದು ಸೌನಾ ಬೇಕಂತೆ, ಬಿಸಿ ಹಬೆಯಲ್ಲಿ ಕೂತು ಬೆವರಿ, ನೇರ ಸರೋವರಕ್ಕೆ ಧುಮುಕೋದಂತೆ. ಚಳಿಗಾಲದಲ್ಲೂ ಹುಡುಗರು ಬರ್ತಾರಂತೆ. ಅವನು ಕಟ್ಟಡದ ಕೆಲಸದವರ ಒಂದು ಹಳೆಯ ಮರದ ಗಾಡಿ ತಂದು, ಒಳಗೆ ಹಲಗೆ ಬಡಿದು, ಒಲೆ ಕೂರಿಸಿದ. ಊಟದ ಮೇಜಿನಲ್ಲಿ ಆಲೂಗಡ್ಡೆ ಸುಲಿಯುತ್ತ ಶಿಳ್ಳೆ ಹಾಕುತ್ತಿದ್ದ. ಮದುವೆಯಾದ ಹೊಸದರಲ್ಲಿ ಹಾಕುತ್ತಿದ್ದ ಶಿಳ್ಳೆ ಅದು.

"ಮರೈಕೆ ಹೇಳಿದ್ಲು, ಕಿಟಕಿ ನೀರಿನ ಕಡೆಗೇ ಇರ್ಲಿ ಅಂತ."

"ಹೂಂ."

"ಒಂದೇ ಒಂದು ತಲೆನೋವು. ಮರದ ಗೋಡೆಗೂ ಹೊಗೆಕೊಳವೆಗೂ ಹದಿನೆಂಟೇ ಸೆಂಟಿಮೀಟರ್ ಸಿಕ್ಕಿದೆ. ನಿಯಮದ ಪ್ರಕಾರ ನಲವತ್ತು ಬೇಕು. ತಗಡು ಹೊಡೆದು ಸರಿಮಾಡ್ತೀನಿ, ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ?" ಎಂದಳು ಸೀಗ್ರುನ್. ಆಗ ನಿಜಕ್ಕೂ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವನು ಆ ಹೆಣ್ಣಿನ ಹಿಂದೆ ಬಿದ್ದಿದ್ದಾನೆ ಎಂದೂ ಅವಳಿಗೆ ಅನಿಸಿರಲಿಲ್ಲ. ಅಷ್ಟು ಮಾತ್ರವಾಗಿದ್ದರೆ ಎರಡು ಬೈದು ಮುಗಿಸಬಹುದಿತ್ತು. ತನ್ನಿಂದ ಆಗದೆಹೋದದ್ದು ಅವಳಿಂದ ಆಯಿತಲ್ಲ, ಅವನು ಮತ್ತೆ ಬದುಕಿದನಲ್ಲ, ಅದನ್ನು ಹೇಗೆ ಬೈಯುವುದು?

ಆಗಸ್ಟಿನ ಸಮಿತಿ ಸಭೆಯಲ್ಲಿ ಮರೈಕೆ ಎದ್ದು ನಿಂತಳು. ಸೆಪ್ಟೆಂಬರಿನ ಎರಡನೆಯ ಭಾನುವಾರ ಬಾಗಿಲು ಎಲ್ಲರಿಗೂ ತೆರೆಯೋಣ ಎಂದಳು. ಅವತ್ತೊಂದು ದಿನ ಮೂರನೆಯ ನಿಯಮ ಬೇಡ.

"ಯಾರಿಗೆ ಎಷ್ಟು ಬೇಕೋ ಅಷ್ಟು. ಪೂರ್ತಿ ಬಿಚ್ಚೋರು ಬಿಚ್ಲಿ, ಚಡ್ಡಿ ಬೇಕು ಅನ್ನೋರು ಹಾಕ್ಕೊಳ್ಳಿ. ಒಂದೇ ದಿನದಲ್ಲಿ ಎಲ್ಲ ಬಿಚ್ಚು ಅಂದ್ರೆ ಯಾರು ಬರ್ತಾರೆ? ನನ್ನ ವಯಸ್ಸಿನೋರು ಹುಟ್ಟಿದಾಗಿಂದ ಫೋನಿನ ಎದುರಿಗೇ ಬೆಳೆದೋರು. ತಮ್ಮ ಮೈ ಅಂದ್ರೆ ಅವರಿಗೆ ಪರೀಕ್ಷೆ ಇದ್ದ ಹಾಗೆ."

"ಅಂದ್ರೆ ಬಟ್ಟೆಯವರನ್ನ ಬೇಲಿಯೊಳಗೆ ಬಿಟ್ಕೊಳ್ಳೋದು" ಎಂದಳು ಸೀಗ್ರುನ್. "ಮೂವತ್ತು ವರ್ಷ ಯಾರ ವಿರುದ್ಧ ಬೇಲಿ ಕಾದೆವೋ ಅವರಿಗೇ ಕೇಕು ಕೊಟ್ಟು ಕೂರಿಸೋದು. ಇದಕ್ಕಿಂತ ಸಂಘ ಮುಚ್ಚೋದು ವಾಸಿ."

"ಸೀಗ್ರುನ್, ಸಂಘ ಮುಚ್ಚೋಕೆ ನಾವೇನೂ ಮಾಡ್ಬೇಕಿಲ್ಲ. ಸುಮ್ನೆ ಕೂತ್ರೆ ಸಾಕು" ಎಂದಳು ಮರೈಕೆ ಮೆತ್ತಗೆ.

ಐವರ ಸಮಿತಿಯಲ್ಲಿ ನಾಲ್ಕು ಕೈ ಮರೈಕೆಯ ಪರವಾಗಿ ಎದ್ದವು.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮರುವಾರ ಇಲ್ಕಾ ಫೋನ್ ಮಾಡಿದಳು.

"ಅಮ್ಮಾ, ಆ ಭಾನುವಾರ ನಾನೂ ಬರೋಣ ಅಂದ್ಕೊಂಡಿದೀನಿ."

ಸೀಗ್ರುನ್‌ಗೆ ಕಿವಿಯನ್ನೇ ನಂಬಲಾಗಲಿಲ್ಲ. "ಡ್ಯೂಟಿ ಇಲ್ವಾ?"

"ರಜೆ ಹಾಕಿದೀನಿ. ಮರೈಕೆ ಕರೆದ್ಲು."

"ಮರೈಕೆ ನಿಂಗೆ ಹೇಗೆ ಗೊತ್ತು?"

"ಅಪ್ಪ ನಂಬರ್ ಕೊಟ್ಟಿದ್ರು. ಆಪರೇಷನ್ ಆದ ಕಡೆ ಭುಜ ಬಿಗಿಯುತ್ತಿತ್ತಲ್ಲ, ವಸಂತದಿಂದ ಅವಳ ಹತ್ರಾನೇ ಹೋಗ್ತಿದೀನಿ. ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಗಂಡನೂ ಹೇಳಿರಲಿಲ್ಲ, ಮಗಳೂ ಹೇಳಿರಲಿಲ್ಲ. ಫೋನ್ ಇಟ್ಟ ಮೇಲೆ ಸೀಗ್ರುನ್ ಅಡುಗೆಮನೆಯಲ್ಲಿ ನಿಂತೇ ಇದ್ದಳು. ತಾನು ಆರು ಬೇಸಿಗೆ ಕರೆದರೂ ಬರಲಿಲ್ಲ. ಮರೈಕೆ ಒಂದು ಸಲ ಕರೆದಳು. ಆ ಭುಜವನ್ನು ಎತ್ತಿ ಆಡಿಸಿದವಳು ತಾನು, ಹಾಲು ಕೊಟ್ಟವಳು ತಾನು, ಜ್ವರ ಬಂದಾಗ ಒದ್ದೆಬಟ್ಟೆ ಸುತ್ತಿದವಳು ತಾನು. ಈಗ ಆ ಭುಜ ಮುಟ್ಟುವ ಹಕ್ಕು ಯಾವಳಿಗೋ.

ಮರುದಿನ ಹಾರ್ಟ್‌ಮುಟ್ ಹೊರಟ ಮೇಲೆ, ಹಗಲು ಹೊತ್ತಿನಲ್ಲೇ, ಶುದ್ಧ ಎಚ್ಚರದಲ್ಲೇ, ಸೀಗ್ರುನ್ ಕಟ್ಟಡ ಪರವಾನಗಿ ಕೊಡುವ ಕಚೇರಿಗೆ ಹೆಸರಿಲ್ಲದ ಒಂದು ಪತ್ರ ಬರೆದಳು. ಡ್ರೆವಿನ್ ದಡದಲ್ಲಿ ಅನುಮತಿ ಇಲ್ಲದೆ ಒಲೆಯ ಗಾಡಿಯೊಂದು ನಿಂತಿದೆ, ಬೆಂಕಿಯ ಅಪಾಯವಿದೆ, ಗೋಡೆಗೂ ಹೊಗೆಕೊಳವೆಗೂ ಹದಿನೆಂಟು ಸೆಂಟಿಮೀಟರ್ ಮಾತ್ರ ಅಂತರವಿದೆ. ನಾಲ್ಕು ಮೈಲಿ ಸೈಕಲ್ ತುಳಿದು ಬೇರೆ ಹಳ್ಳಿಯ ಡಬ್ಬಿಗೆ ಹಾಕಿ ಬಂದಳು. ಬರುವಾಗ ಕೈ ತಣ್ಣಗಿತ್ತು, ಹೊಟ್ಟೆಯೂ ತಣ್ಣಗಾಗಿತ್ತು.

ಭಾನುವಾರಕ್ಕೆ ನಾಲ್ಕು ದಿನ ಮುಂಚೆ ಅಧಿಕಾರಿ ಬಂದ. ಕಡತ ಹಿಡಿದ, ಸಭ್ಯವಾದ, ನಡುವಯಸ್ಸಿನ ಮನುಷ್ಯ. ಅವತ್ತು ಮೋಡ ಕವಿದು ಚಳಿಯಿದ್ದುದರಿಂದ ಎಲ್ಲರೂ ಸ್ವೆಟರ್ ಹಾಕಿಕೊಂಡೇ ಇದ್ದರು.

"ಕ್ಷಮಿಸಿ, ದೂರು ಬಂದ್ರೆ ನಾನು ನೋಡಲೇಬೇಕು" ಎಂದು ಪತ್ರವನ್ನು ಓದಿ ಹೇಳಿ, ಟೇಪು ಹಿಡಿದು ಅಳೆದ. "ಹದಿನೆಂಟು. ಬರೆದವರು ಸರಿಯಾಗೇ ಬರ್ದಿದಾರೆ. ಇದನ್ನ ಬಿಚ್ಚಿ ಸರಿಪಡಿಸೋವರೆಗೆ ನೀವು ಒಲೆ ಹೊತ್ತಿಸೋ ಹಾಗಿಲ್ಲ." ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಹೋದ.

ಮರೈಕೆ ಗಾಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು. "ಯಾರು ಹೀಗೆ ಮಾಡಿರ್ತಾರೆ? ಆ ಕಡೆ ದಡದ ಹೋಟೆಲಿನೋರಾ?" ಎಂದು ವಾಲ್ಫ್ರೀಡ್ ಕಿಡಿಕಾರಿದ. ಹಾರ್ಟ್‌ಮುಟ್ ಹತಾರಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದ.

ಸಂಜೆ ಊಟಕ್ಕೆ ಕೂತಾಗ ಅವನು ತಟ್ಟೆ ಮುಟ್ಟಲಿಲ್ಲ.

"ಹದಿನೆಂಟು ಸೆಂಟಿಮೀಟರ್ ಅನ್ನೋದು ನಂಗೊಬ್ಬನಿಗೆ ಗೊತ್ತಿತ್ತು" ಎಂದ. "ಆಮೇಲೆ ನಿಂಗೆ ಹೇಳ್ದೆ."

ಸೀಗ್ರುನ್ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದಳು.

"ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನೇ ಬೈಯಬಹುದಿತ್ತು."

"ನಿನ್ನ ಮೇಲಲ್ಲ."

"ಗೊತ್ತು. ಅದಕ್ಕೇ ಹೆಚ್ಚು ಬೇಜಾರು. ಅಕ್ಟೋಬರಿನ ಮಹಾಸಭೆವರೆಗೆ ಕಾಯ್ತೀನಿ. ನೀನೇ ಹೇಳ್ಬೇಕು. ನೀನು ಹೇಳ್ದಿದ್ರೆ ನಾನು ಹೇಳೋನಲ್ಲ, ಆದ್ರೆ ಆ ಬೇಲಿಯೊಳಗೆ ಮತ್ತೆ ಕಾಲಿಡಲ್ಲ."

ಭಾನುವಾರ ಬಿಸಿಲು ಬಿತ್ತು. ಸೌನಾ ಇಲ್ಲದಿದ್ದರೂ ಅರವತ್ತು ಜನ ಬಂದರು. ಸೀಗ್ರುನ್ ಬೇಲಿಯೊಳಗಿದ್ದ ತಮ್ಮ ಪುಟ್ಟ ಮರದ ಕ್ಯಾಬಿನ್ನಿನಲ್ಲಿ ಪರದೆ ಎಳೆದು, ಸಂದಿಯಿಂದ ನೋಡುತ್ತ ಕೂತಳು. ಮೃಗಾಲಯ ಎಂದು ಮೂವತ್ತು ವರ್ಷ ಹೀಯಾಳಿಸಿದವಳು ಈಗ ತಾನೇ ಕದ್ದು ನೋಡುತ್ತಿದ್ದಳು, ಅದೂ ಉಣ್ಣೆಯ ಕಾರ್ಡಿಗನ್ ತೊಟ್ಟುಕೊಂಡು. ಕೆಲವರು ಬಂದ ತಕ್ಷಣ ಎಲ್ಲ ಕಳಚಿದರು. ಒಬ್ಬ ಉದ್ದಗಡ್ಡದವನು ಚಡ್ಡಿಯಲ್ಲೇ ಅರ್ಧ ದಿನ ಕೂತು, ಮಧ್ಯಾಹ್ನ ಯಾರೂ ಕೇಳದೆಯೇ ಎದ್ದು ಅದನ್ನೂ ಬಿಸಾಡಿ ನೀರಿಗೆ ಓಡಿದ. ಯಾರೂ ಯಾರನ್ನೂ ನೋಡಲಿಲ್ಲ. ಅವಳು ಊಹಿಸಿದ್ದ ಕಳ್ಳನೋಟದವರು ಬರಲೇ ಇಲ್ಲ.

ಹನ್ನೊಂದರ ಹೊತ್ತಿಗೆ ಇಲ್ಕಾ ಬಂದಳು. ಕೆಳಗೆ ಏನೂ ಇಲ್ಲ, ಮೇಲೆ ಮಾತ್ರ ಅಪ್ಪನ ಹಳೆಯ ನೀಲಿ ಶರ್ಟು. ಮರೈಕೆ ಓಡಿಹೋಗಿ ತಬ್ಬಿಕೊಂಡಳು. ಇಬ್ಬರೂ ಕೈಹಿಡಿದು, ನೀರಿನೊಳಕ್ಕೆ ಚಾಚಿದ್ದ ಮರದ ಜೆಟ್ಟಿಯ ತುದಿಗೆ ಹೋಗಿ ಹಾರಿದರು. ನೀರಿನಿಂದ ಮೇಲೆ ಬಂದ ಇಲ್ಕಾ ಜೋರಾಗಿ, ಇಡೀ ದಡಕ್ಕೆ ಕೇಳುವ ಹಾಗೆ ನಕ್ಕಳು. ಆ ನಗುವನ್ನು ಸೀಗ್ರುನ್ ಕೇಳಿ ಎಷ್ಟು ವರ್ಷವಾಗಿತ್ತೋ. ಸಂತೋಷಪಡಬೇಕಾದ ತಾಯಿಗೆ ಕಣ್ಣು ಉರಿಯಿತು.

ಆಮೇಲೆ ಇಲ್ಕಾ ಒದ್ದೆ ಶರ್ಟಿನಲ್ಲೇ ಕ್ಯಾಬಿನ್ನಿನ ಬಾಗಿಲು ತಟ್ಟಿದಳು.

"ಅಮ್ಮಾ, ಪರದೆ ಹಿಂದೆ ಏನ್ಮಾಡ್ತಿದೀಯ? ಹೊರಗೆ ಬಾ."

"ಶರ್ಟು ಒದ್ದೆಯಾಗಿದೆ, ಶೀತ ಆಗುತ್ತೆ."

"ಆಗ್ಲಿ." ಇಲ್ಕಾ ಟವೆಲ್ ಹಾಸಿ ಹೊಸ್ತಿಲ ಮೇಲೆ ಕೂತಳು. "ಇಷ್ಟೇ ನಾನು ಅವತ್ತು ಕೇಳಿದ್ದು. ಈ ಒಂದು ಶರ್ಟು."

"ಯಾರೂ ನೋಡಲ್ಲ ಅಂತ ನಾನು ಹೇಳಿದ್ನಲ್ಲ. ನಿನ್ನ ಧೈರ್ಯಕ್ಕೆ ಹೇಳಿದ್ದು."

"ಅವರು ನೋಡ್ತಾರೆ ಅಂತ ಅಲ್ಲಮ್ಮ. ನನಗೇ ಇನ್ನೂ ನೋಡೋಕಾಗ್ತಿರ್ಲಿಲ್ಲ. ಮರೈಕೆ ಏನೂ ದೊಡ್ಡದು ಮಾಡ್ಲಿಲ್ಲ. 'ನಿಂಗೆ ಹೇಗೆ ಬೇಕು?' ಅಂತ ಕೇಳಿದ್ಲು, ಅಷ್ಟೇ. ನೀನು ಕೇಳ್ಲಿಲ್ಲ, ನಿಯಮ ಹೇಳ್ದೆ."

ಸೀಗ್ರುನ್ ಕೆಟಲಿನಲ್ಲಿದ್ದ ಕಾಫಿ ಬಗ್ಗಿಸಿ ಕೊಟ್ಟಳು. ತನ್ನ ಕಾರ್ಡಿಗನ್ ಬಿಚ್ಚಿ ಮಗಳ ಹೆಗಲಿಗೆ ಹೊದಿಸಿದಳು. ಸಂಘದ ಚರಿತ್ರೆಯಲ್ಲಿ ಬೇಲಿಯೊಳಗೆ ಅವಳು ಒಬ್ಬರಿಗೆ ಉಡಿಸಿದ್ದು ಅದೇ ಮೊದಲು.

ಅಕ್ಟೋಬರಿನ ಮಹಾಸಭೆ ಊರಿನ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಸೇರಿತು. ಹೊಸಬರೂ ಸೇರಿ ನಲವತ್ತಾರು ಜನ, ಎಲ್ಲರೂ ಕೋಟು ತೊಟ್ಟು, ಒಬ್ಬರಿಗೊಬ್ಬರು ಸ್ವಲ್ಪ ಅಪರಿಚಿತರಾಗಿ ಕೂತಿದ್ದರು. ವರದಿ ಓದಿ ಮುಗಿಸಿದ ಸೀಗ್ರುನ್ ಕಾಗದ ಮಡಚಿದಳು.

"ಇನ್ನೊಂದು ವಿಷಯ ಇದರಲ್ಲಿ ಬರೆದಿಲ್ಲ. ಸೌನಾ ಮೇಲೆ ದೂರು ಬರೆದೋಳು ನಾನು. ಬೆಂಕಿ ಭಯಕ್ಕೆ ಬರೀಲಿಲ್ಲ, ಹೊಟ್ಟೆಕಿಚ್ಚಿಗೆ ಬರೆದೆ. ಇವತ್ತಿಂದ ನಾನು ಕಾರ್ಯದರ್ಶಿ ಅಲ್ಲ."

ಮರೈಕೆ ಅವಳ ಪಕ್ಕದಲ್ಲೇ ಕೂತಿದ್ದಳು. ಮುಖ ಕೆಂಪಾಯಿತು.

"ನಿನ್ನನ್ನ ನೋಡಿ ಈ ಸಂಘಕ್ಕೆ ಸೇರಿದೋಳು ನಾನು" ಎಂದಳು. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇವತ್ತು ನಿನ್ನ ಪಕ್ಕದಲ್ಲಿ ಕೂರೋಕೆ ನಂಗಾಗಲ್ಲ." ಎದ್ದು ಮೂರನೆಯ ಸಾಲಿಗೆ ಹೋಗಿ ಕೂತಳು. ವಾಲ್ಫ್ರೀಡ್ ತಲೆಯಾಡಿಸುತ್ತ, "ಎಂಥ ಕೆಲಸ ಮಾಡ್ದೆ ಕಣಮ್ಮ" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದ. ಖಾಲಿಯಾದ ಕುರ್ಚಿಗೆ ಹಾರ್ಟ್‌ಮುಟ್ ಬಂದು ಕೂತ.

ಆಮೇಲೆ ಮೂರನೆಯ ನಿಯಮ ಮತಕ್ಕೆ ಬಂತು. ಶನಿವಾರವೂ ಉಳಿದ ದಿನಗಳೂ ಹಳೆಯ ಹಾಗೆಯೇ, ಭಾನುವಾರ ಮಾತ್ರ ಯಾರಿಗೆ ಎಷ್ಟು ಬೇಕೋ ಅಷ್ಟು. ಸೀಗ್ರುನ್ ಪರವಾಗಿ ಕೈ ಎತ್ತಿದಳು. ಪಕ್ಕದವರು ಬೆರಗಾಗಿ ನೋಡಿದಾಗ, "ನಾನು ಕೈ ಎತ್ತಿದ್ದು ಒಂದು ಶರ್ಟಿಗೆ. ಅವಳಿಗಲ್ಲ" ಎಂದಳು. ನಿಯಮ ಇಪ್ಪತ್ತೊಂಬತ್ತಕ್ಕೆ ಹದಿನಾರರಂತೆ ಪಾಸಾಯಿತು. ಒಬ್ಬರು ಯಾವ ಕಡೆಗೂ ಕೈ ಎತ್ತಲಿಲ್ಲ.

ಆ ಚಳಿಗಾಲ ಹಾರ್ಟ್‌ಮುಟ್ ಗಾಡಿಯ ಗೋಡೆ ಕೊಯ್ದು, ಕೊಳವೆಯ ಸುತ್ತ ನಲವತ್ತು ಸೆಂಟಿಮೀಟರ್ ಬಿಟ್ಟು, ಅದೇ ಅಧಿಕಾರಿಯಿಂದ ಅನುಮತಿ ತಂದ. ಮರೈಕೆ ಫೆಬ್ರವರಿಯವರೆಗೆ ಸೀಗ್ರುನ್ ಜೊತೆ ಮಾತಾಡಲಿಲ್ಲ. ಆಮೇಲೊಂದು ದಿನ ಫೋನ್ ಚೀಲಗಳ ಗುಂಡಿ ಕಿತ್ತುಬಂದಿವೆ ಎಂದು ಹದಿನಾಲ್ಕನ್ನು ತಂದು ಬಾಗಿಲಲ್ಲಿಟ್ಟು, "ಅವಸರ ಇಲ್ಲ" ಎಂದಷ್ಟೇ ಹೇಳಿ ಹೋದಳು. ಸೀಗ್ರುನ್ ಅವತ್ತೇ ಹೊಲಿದಳು.

ಮುಂದಿನ ಬೇಸಿಗೆಗೆ ಸದಸ್ಯರು ಅರವತ್ತೊಂದಾದರು. ಹೊಟ್ಟೆಕಿಚ್ಚು ಆರಿತು ಎಂದು ಯಾರಾದರೂ ಹೇಳಿದರೆ ಸುಳ್ಳು. ಭಾನುವಾರ ಇಲ್ಕಾ ಬಂದು ತಾಯಿಯ ಜೊತೆ ಹತ್ತು ನಿಮಿಷ ಕೂತು, ಆಮೇಲೆ ಮರೈಕೆಯ ಗುಂಪಿಗೆ ಹೋಗಿ ಮೂರು ಗಂಟೆ ನಗುತ್ತಿದ್ದರೆ, ಸೀಗ್ರುನ್ ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡು ಓದುತ್ತಿದ್ದಳು.

ಜುಲೈನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ದಡದಲ್ಲಿ ಅವಳೊಬ್ಬಳೇ ಇದ್ದಳು. ಬೇಲಿಯ ಬಾಗಿಲು ಕಿರ್ ಎಂದಿತು. ಇಲ್ಕಾ.

"ಮರೈಕೆ ಇವತ್ತು ಬರಲ್ಲ, ಅವಳಿಗೆ ಕೆಲಸ ಇರುತ್ತೆ" ಎಂದಳು ಸೀಗ್ರುನ್.

"ಗೊತ್ತು." ಇಲ್ಕಾ ಚಪ್ಪಲಿ ಬಿಟ್ಟಳು, ಪ್ಯಾಂಟು ಮಡಿಸಿಟ್ಟಳು. ಸ್ವಲ್ಪ ಹೊತ್ತು ನಿಂತು, ಶರ್ಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಅದನ್ನೂ ಮಡಿಸಿ ಪ್ಯಾಂಟಿನ ಮೇಲಿಟ್ಟಳು. ಸೀಗ್ರುನ್ ಕಣ್ಣು ತಪ್ಪಿಸಲೂ ಇಲ್ಲ, ದಿಟ್ಟಿಸಲೂ ಇಲ್ಲ. "ನಿಂಗೆ ಹೇಗೆ ಬೇಕು? ಈಜೋಣ್ವಾ, ಕಾಫಿ ಕುಡಿಯೋಣ್ವಾ?" ಎಂದು ಕೇಳಿದಳು.

"ಈಜೋಣ."

ಆಚೆ ದಡದ ಜೊಂಡಿನವರೆಗೆ ಹೋಗಿ ಬಂದರು. ತಾಯಿಗೆ ಉಸಿರು ಕಟ್ಟಿದಾಗ ಮಗಳು ಕಾದಳು.

ಭಾನುವಾರ ಸೌನಾದ ಮೆಟ್ಟಿಲಲ್ಲಿ ಮರೈಕೆ ಸಿಕ್ಕಾಗ ಸೀಗ್ರುನ್‌ಗೆ ತಡೆಯಲಾಗಲಿಲ್ಲ. ಏನೂ ಅಲ್ಲವೆಂಬ ಹಾಗೆ ಟವೆಲ್ ಕೊಡವುತ್ತ ಹೇಳಿದಳು: "ಮಂಗಳವಾರ ಇಲ್ಕಾ ಬಂದಿದ್ಲು. ನನ್ನ ಜೊತೆ ಈಜೋಕೆ. ನಾವಿಬ್ರೇ."

"ಹೌದು, ಬರ್ತೀನಿ ಅಂತ ನಂಗೆ ಮೊದಲೇ ಹೇಳಿದ್ಲು" ಎಂದಳು ಮರೈಕೆ.

"ಹೇಳಿರ್ತಾಳೆ ಬಿಡು" ಎಂದು ಸೀಗ್ರುನ್ ಬಾಗಿಲು ತಳ್ಳಿ ಒಳಗೆ ಹೋಗಿ, ಮೇಲಿನ ಹಲಗೆಯ ಮೇಲೆ, ಕಿಟಕಿಯ ಪಕ್ಕದ ಒಳ್ಳೆಯ ಜಾಗದಲ್ಲಿ, ಮರೈಕೆಗಿಂತ ಮೊದಲು ಟವೆಲ್ ಹಾಸಿದಳು.